ಹಳೆಯ ಮೋಟಾರು: ಅದರ ಆರೈಕೆ ಮತ್ತು ಮಾರ್ಪಾಟು

ಹವ್ಯಾಸಗಳಲ್ಲಿ ಹಲವು ಬಗೆ. ಅಂಚೆಚೀಟಿಗಳನ್ನು ಕೂಡಿಹಾಕುವವರುಂಟು, ಹಳೆಯ ನಾಣ್ಯಗಳಿಗಾಗಿ ಸಂತೆಯಿಂದ ಸಂತೆಗೆ ಅಲೆಯುವವರುಂಟು, ಗುಲಾಬಿಗೆ ಕಸಿ ಕಟ್ಟಿ ಚಿಗುರೊಡೆಯುವುದನ್ನೇ ಕಾಯುತ್ತ ಕೂರುವವರೂ ಉಂಟು. ಇವೆಲ್ಲ ಸಭ್ಯರ ಹವ್ಯಾಸಗಳೆಂದು ಲೋಕ ಒಪ್ಪಿದೆ. ಆದರೆ ಭಾನುವಾರ ಬೆಳಿಗ್ಗೆ ಹರಕು ಪಂಚೆಯೊಂದನ್ನು ಸುತ್ತಿಕೊಂಡು, ಮೊಣಕೈವರೆಗೆ ಗ್ರೀಸು ಬಳಿದುಕೊಂಡು, ನಲವತ್ತು ವರ್ಷ ದಾಟಿದ ಕಾರಿನ ಕೆಳಗೆ ತಲೆ ತೂರಿಸಿದವನನ್ನು ಕಂಡರೆ ಮಾತ್ರ ದಾರಿಹೋಕರು “ಪಾಪ, ಮೇಸ್ತ್ರಿಗೆ ಕೊಡಲು ದುಡ್ಡಿಲ್ಲವೇನೋ!” ಎಂದು ಮರುಗುತ್ತಾರೆ. ಇದೂ ಒಂದು ಹವ್ಯಾಸವೇ. ಇದಕ್ಕೂ ಒಂದು ಶಾಸ್ತ್ರವಿದೆ, ಒಂದು ನೀತಿಯಿದೆ. ಅವೆರಡನ್ನೂ ಬಲ್ಲಮಟ್ಟಿಗೆ ತಿಳಿಸುವುದು ಈ ಲೇಖನದ ಉದ್ದೇಶ.

ನಾನು ಯಂತ್ರಶಾಸ್ತ್ರದ ವಿದ್ಯಾರ್ಥಿಯಲ್ಲ. ನಮ್ಮ ಕಾಲೇಜಿನ ಇನ್ನೂರೈವತ್ತು ಮಂದಿಯಂತೆ ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುತ್ತಿರುವವನು. ನಮ್ಮ ಮನೆಯಲ್ಲಿ ಅಜ್ಜನವರು ಕೊಂಡ ಪ್ರೀಮಿಯರ್ ಪದ್ಮಿನಿ ಕಾರೊಂದಿದೆ. ಅದನ್ನು ಮಾರಿಬಿಡಬೇಕೆಂಬ ಮಾತು ವರ್ಷಕ್ಕೊಮ್ಮೆ ಮನೆಯಲ್ಲಿ ಏಳುತ್ತದೆ. “ರಿಪೇರಿಗೆ ಹೊರಗಿನವರನ್ನು ಕರೆಯದೆ ನೀನೇ ನೋಡಿಕೊಳ್ಳುವುದಾದರೆ ಇರಲಿ” ಎಂಬ ತಂದೆಯವರ ತೀರ್ಪಿನೊಂದಿಗೆ ಅಡಗುತ್ತದೆ. ಹೀಗೆ ನನಗೆ ಈ ವಿದ್ಯೆ ಒದಗಿತು. ಕಲಿಸಿದವರು ನಮ್ಮ ಬೀದಿಯ ಕೊನೆಯ ಗ್ಯಾರೇಜಿನ ವೃದ್ಧ ಮೇಸ್ತ್ರಿಗಳು.

ಮೊದಲು ಈ ಗಾಡಿಯ ವಂಶಾವಳಿಯನ್ನು ನೋಡೋಣ. ಇದು ಹುಟ್ಟಿನಿಂದ ಇಟಲಿಯದು. ಅಲ್ಲಿಯ ಫಿಯಟ್ ಕಂಪನಿ ೧೯೫೩ರಲ್ಲಿ ೧೧೦೦–೧೦೩ ಎಂಬ ಕಾರನ್ನು ಹೊರತಂದಿತು. ವಾಲ್‌ಚಂದ್ ಹೀರಾಚಂದರು ೧೯೪೪ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆ ಆ ಕಾರನ್ನು ಮುಂಬಯಿಯ ಕುರ್ಲಾದಲ್ಲಿ ತಯಾರಿಸತೊಡಗಿತು. ೧೯೬೪ರಲ್ಲಿ ಅದರ ತಿದ್ದಿದ ರೂಪ ‘ಡಿಲೈಟ್’ ಎಂಬ ಹೆಸರಿನಲ್ಲಿ ಬಂತು. ಎಪ್ಪತ್ತರ ದಶಕದ ಮೊದಲಲ್ಲಿ ಅದೇ ‘ಪ್ರೆಸಿಡೆಂಟ್’ ಎನಿಸಿಕೊಂಡು, ೧೯೭೪ರಲ್ಲಿ ‘ಪದ್ಮಿನಿ’ಯಾಯಿತು. ಹೆಸರು ಬದಲಾದರೂ ಒಡಲು ಹೆಚ್ಚು ಬದಲಾಗಲಿಲ್ಲ. ಹೊಸ ಶತಮಾನದ ಹೊಸ್ತಿಲಿನವರೆಗೂ ತಯಾರಾಗುತ್ತಲೇ ಇತ್ತು. ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿಗಳಲ್ಲಿ ಕೊನೆಯ ಪದ್ಮಿನಿ ಬೀದಿಯಿಂದ ನಿವೃತ್ತವಾದುದು ೨೦೨೩ರ ಅಕ್ಟೋಬರಿನಲ್ಲಿ.

ಇಷ್ಟು ಹಳೆಯ ಕಾರನ್ನು ನಮ್ಮಂಥವರು ಬಿಚ್ಚಿ ಕೂಡಿಸಲು ಸಾಧ್ಯವಾಗುವುದೇಕೆ? ಅದರಲ್ಲಿ ಕಣ್ಣಿಗೆ ಕಾಣದ್ದು ಬಹಳ ಕಡಿಮೆ. ಇಂದಿನ ಕಾರುಗಳಲ್ಲಿ ಎಷ್ಟು ಪೆಟ್ರೋಲು, ಯಾವಾಗ ಕಿಡಿ ಎಂಬುದನ್ನೆಲ್ಲ ಒಂದು ಗಣಕಯಂತ್ರ ನಿರ್ಧರಿಸುತ್ತದೆ. ಪದ್ಮಿನಿಯಲ್ಲಿ ಅದೇ ಕೆಲಸವನ್ನು ಸ್ಪ್ರಿಂಗು, ಚಕ್ರ, ತೂತುಗಳೇ ಮಾಡುತ್ತವೆ. ನಾಲ್ಕು ಸಿಲಿಂಡರು, ಒಂದೊಂದರ ವ್ಯಾಸ ೬೮ ಮಿಲಿಮೀಟರು, ಪಿಸ್ಟನ್ನಿನ ಓಟ ೭೫ ಮಿಲಿಮೀಟರು. ಹೈಸ್ಕೂಲಿನ ಸೂತ್ರ ಹಾಕಿ ಗುಣಿಸಿ ನೋಡಿದರೆ ೧೦೮೯ ಘನ ಸೆಂಟಿಮೀಟರೆಂಬ ಉತ್ತರ ಬರುತ್ತದೆ. ಕಂಪನಿಯ ಕೈಪಿಡಿಯಲ್ಲಿ ಅಚ್ಚಾಗಿರುವುದೂ ಅದೇ.

ಎಂಜಿನ್ನು ಓಡಲು ಮೂರೇ ವಸ್ತು ಬೇಕು: ತಕ್ಕ ಹೊತ್ತಿಗೆ ಕಿಡಿ, ತಕ್ಕ ಪ್ರಮಾಣದಲ್ಲಿ ಪೆಟ್ರೋಲು, ಅದಕ್ಕೆ ಒಪ್ಪುವಷ್ಟು ಗಾಳಿ. ಗಾಡಿ ಹೊರಡದಿದ್ದಾಗ ಈ ಮೂರನ್ನು ಕ್ರಮವಾಗಿ ವಿಚಾರಿಸಬೇಕು. ಹೊಸ ಬ್ಯಾಟರಿ, ಹೊಸ ಕಾಯಿಲ್, ಹೊಸ ಪಂಪು ಎಂದು ಒಂದೊಂದಾಗಿ ಕೊಂಡು ಹಾಕುತ್ತ ಹೋಗುವುದು ರೋಗವೇನೆಂದು ತಿಳಿಯದೆ ಅಂಗಡಿಯ ಔಷಧಗಳನ್ನೆಲ್ಲ ಕುಡಿಸಿದಂತೆ. ನಮ್ಮ ಮೇಸ್ತ್ರಿಗಳು ಹೇಳುವುದಿಷ್ಟೇ: “ಮೊದಲು ಕಾರಣ ಹುಡುಕಪ್ಪಾ, ಆಮೇಲೆ ಸಾಮಾನು ಹುಡುಕು.”

ಕಿಡಿಯ ವಿಷಯವನ್ನು ಕೊಂಚ ವಿಸ್ತಾರವಾಗಿ ಹೇಳಬೇಕು. ಬ್ಯಾಟರಿಯ ೧೨ ವೋಲ್ಟು ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಿಸಲು ಸಾಲದು. ಸಾವಿರಾರು ವೋಲ್ಟು ಬೇಕು. ಆ ಕೆಲಸ ಕಾಯಿಲಿನದು. ಡಿಸ್ಟ್ರಿಬ್ಯೂಟರಿನೊಳಗೆ ‘ಪಾಯಿಂಟು’ ಎಂಬ ಎರಡು ಪುಟ್ಟ ಲೋಹದ ಮೊನೆಗಳಿವೆ. ಅವು ಕೂಡಿಕೊಂಡಿರುವಾಗ ಕಾಯಿಲಿನಲ್ಲಿ ವಿದ್ಯುತ್ತು ಹರಿದು ಕಾಂತಕ್ಷೇತ್ರ ನೆಲೆಗೊಳ್ಳುತ್ತದೆ. ಅವು ಬಿಟ್ಟ ಕೂಡಲೆ ಆ ಕ್ಷೇತ್ರ ಕುಸಿದು, ಹೆಚ್ಚು ಸುತ್ತುಗಳುಳ್ಳ ಎರಡನೆಯ ತಂತಿಯಲ್ಲಿ ಭಾರಿ ವೋಲ್ಟೇಜು ಹುಟ್ಟುತ್ತದೆ. ಎಂಜಿನ್ನು ನಿಮಿಷಕ್ಕೆ ೩೦೦೦ ಸುತ್ತು ತಿರುಗುವಾಗ ಒಂದೊಂದು ಸಿಲಿಂಡರಿಗೆ ಎರಡು ಸುತ್ತಿಗೊಂದರಂತೆ ೧೫೦೦ ಕಿಡಿ ಬೇಕು; ನಾಲ್ಕಕ್ಕೂ ಸೇರಿ ೬೦೦೦, ಅಂದರೆ ಸೆಕೆಂಡಿಗೆ ನೂರು. ಆ ಪುಟ್ಟ ಮೊನೆಗಳು ಸೆಕೆಂಡಿಗೆ ನೂರು ಬಾರಿ ಕೂಡಿ ಅಗಲಬೇಕು! ಸವೆಯುವುದರಲ್ಲಿ ಆಶ್ಚರ್ಯವೇನು?

ಪಾಯಿಂಟುಗಳ ನಡುವಣ ಅಂತರ ಅರ್ಧ ಮಿಲಿಮೀಟರಿಗಿಂತ ತುಸು ಕಡಿಮೆಯಿರಬೇಕು. ಅಂತರ ಹೆಚ್ಚಿದರೆ ಅವು ಕೂಡಿರುವ ಹೊತ್ತು ಕಡಿಮೆಯಾಗಿ ಕಾಯಿಲು ತುಂಬಿಕೊಳ್ಳುವುದಿಲ್ಲ. ವೇಗ ಹೆಚ್ಚಿಸಿದಾಗ ಎಂಜಿನ್ನು ಮುಗ್ಗರಿಸುತ್ತದೆ. ತೀರ ಕಿರಿದಾದರೆ ಮೊನೆಗಳ ನಡುವೆಯೇ ಕಿಡಿ ಹಾರಿ ಅವು ಸುಟ್ಟು ಕಪ್ಪಾಗುತ್ತವೆ. ಅಳೆಯಲು ಫೀಲರ್ ಗೇಜೆಂಬ ತೆಳು ತಗಡುಗಳ ಕಟ್ಟು ಸಿಗುತ್ತದೆ. ಹವ್ಯಾಸಿಯು ಕೊಳ್ಳಬೇಕಾದ ಮೊದಲ ಉಪಕರಣ ಇದೇ.

ಇನ್ನು ಪೆಟ್ರೋಲು. ಕಾರ್ಬುರೇಟರಿನ ನಡುವೆ ಒಂದು ಕಿರಿದಾದ ಕೊರಳಿದೆ. ಗಾಳಿ ಅಲ್ಲಿ ನುಗ್ಗುವಾಗ ಅದರ ವೇಗ ಏರುತ್ತದೆ, ಒತ್ತಡ ಇಳಿಯುತ್ತದೆ. ಇಳಿದ ಒತ್ತಡ ಸೂಜಿತೂತಿನಂಥ ‘ಜೆಟ್ಟಿ’ನ ಮೂಲಕ ಪೆಟ್ರೋಲನ್ನು ಮೇಲಕ್ಕೆಳೆಯುತ್ತದೆ. ಒಂದು ಕಿಲೋ ಪೆಟ್ರೋಲು ಪೂರ್ತಿ ಉರಿಯಲು ಸುಮಾರು ೧೪.೭ ಕಿಲೋ ಗಾಳಿ ಬೇಕು. ಈ ಪ್ರಮಾಣ ಸರಿಯಿದೆಯೆ ಎಂಬುದನ್ನು ಪ್ಲಗ್ಗೇ ಹೇಳುತ್ತದೆ. ಅದನ್ನು ಬಿಚ್ಚಿ ನೋಡಿದಾಗ ತುದಿ ಬೆಲ್ಲದ ಬಣ್ಣದಲ್ಲಿದ್ದರೆ ಸರಿ. ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು. ಸುಣ್ಣದಂತೆ ಬಿಳಿಚಿದ್ದರೆ ಪೆಟ್ರೋಲು ಕಡಿಮೆ, ಎಂಜಿನ್ನು ಕಾಯುತ್ತಿದೆ ಎಂದರ್ಥ.

ಇಲ್ಲಿ ನಮ್ಮ ಕಾಲದ ಹೊಸ ಸಮಸ್ಯೆಯೊಂದನ್ನು ಹೇಳಲೇಬೇಕು. ನಮ್ಮ ದೇಶದ ಪೆಟ್ರೋಲಿನಲ್ಲಿ ಎಥನಾಲನ್ನು ಬೆರೆಸುವುದು ವರ್ಷದಿಂದ ವರ್ಷಕ್ಕೆ ಹೆಚ್ಚಿ, ೨೦೨೨ರಲ್ಲಿ ನೂರಕ್ಕೆ ಹತ್ತು ಪಾಲಾಗಿ, ೨೦೨೫ರಲ್ಲಿ ಇಪ್ಪತ್ತು ಪಾಲನ್ನು ಮುಟ್ಟಿತು. ಕಬ್ಬು ಬೆಳೆಯುವ ರೈತರಿಗೂ ವಿದೇಶಿ ವಿನಿಮಯಕ್ಕೂ ಅದರಿಂದಾಗುವ ಅನುಕೂಲ ಬೇರೆ ಚರ್ಚೆ. ಹಳೆಯ ಕಾರಿಗೆ ಮಾತ್ರ ಅದು ಒಗ್ಗದ ಆಹಾರ. ಎಥನಾಲು ನೀರನ್ನು ಹೀರಿಕೊಳ್ಳುತ್ತದೆ, ತೊಟ್ಟಿಯೊಳಗೆ ತುಕ್ಕು ಹಿಡಿಸುತ್ತದೆ. ಹಳೆಯ ಜಾತಿಯ ರಬ್ಬರನ್ನು ಮೆತ್ತಗಾಗಿಸಿ, ಊದಿಸಿ, ಕೊನೆಗೆ ಬಿರುಕುಬಿಡಿಸುತ್ತದೆ. ಒಂದು ಕಿಲೋ ಎಥನಾಲಿಗೆ ಬೇಕಾದ ಗಾಳಿ ಒಂಬತ್ತು ಕಿಲೋ ಮಾತ್ರ. ಆದುದರಿಂದ ಬರಿಯ ಪೆಟ್ರೋಲಿಗೆಂದು ಕೊರೆದ ಜೆಟ್ಟು ಈ ಮಿಶ್ರಣಕ್ಕೆ ಸಾಲದಾಗುತ್ತದೆ. ಬಿರುಕುಬಿಟ್ಟ ಕೊಳವೆಯಿಂದ ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲು ತೊಟ್ಟಿಕ್ಕಿದರೆ ಏನಾದೀತೆಂಬುದನ್ನು ವಿವರಿಸಬೇಕಾಗಿಲ್ಲ. ಹಳೆಯ ಕಾರುಳ್ಳವರು ಬೇರೆಲ್ಲ ಅಲಂಕಾರಕ್ಕೆ ಮೊದಲು ತೊಟ್ಟಿಯಿಂದ ಕಾರ್ಬುರೇಟರಿನವರೆಗಿನ ರಬ್ಬರು ಕೊಳವೆ, ಪಂಪಿನ ಡಯಾಫ್ರಂ, ವಾಷರುಗಳನ್ನು ಎಥನಾಲು ತಾಳುವಂಥವಾಗಿ ಬದಲಾಯಿಸತಕ್ಕದ್ದು. ಆಮೇಲೆ ಪ್ಲಗ್ಗಿನ ಬಣ್ಣ ನೋಡಿ, ಬೇಕಾದರೆ ಒಂದು ಅಳತೆ ದೊಡ್ಡ ಜೆಟ್ಟನ್ನು ಹಾಕಬಹುದು.

ಬೇಸಗೆಯಲ್ಲಿ ಘಾಟಿ ಹತ್ತುವಾಗ ಕಾರು ನಿಂತುಬಿಡುವುದು ಇನ್ನೊಂದು ಹಳೆಯ ಕಾಯಿಲೆ. ಪೆಟ್ರೋಲಿನ ಹಗುರವಾದ ಅಂಶಗಳು ೪೦ ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲೇ ಕುದಿಯತೊಡಗುತ್ತವೆ. ಎಂಜಿನ್ನಿನ ಪಕ್ಕದ ಪಂಪು ಕಾದಾಗ ಕೊಳವೆಯಲ್ಲಿ ಆವಿ ಕಟ್ಟಿಕೊಳ್ಳುತ್ತದೆ. ಪಂಪು ಆವಿಯನ್ನು ಹಿಚುಕುತ್ತ ಸುಮ್ಮನೆ ಬಡಿದುಕೊಳ್ಳುತ್ತದೆ. ಮದ್ದು ಸುಲಭ: ಬಾನೆಟ್ಟನ್ನೆತ್ತಿ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಕಾಲು ಗಂಟೆ ಮರದ ನೆರಳಿನಲ್ಲಿ ಕುಳಿತುಕೊಳ್ಳುವುದು. ಶಿರಾಡಿ ಘಾಟಿಯ ಕಾಡನ್ನು ಸಾವಕಾಶವಾಗಿ ನೋಡುವ ಭಾಗ್ಯ ನಮ್ಮ ಮನೆಯವರಿಗೆ ಎರಡು ಬಾರಿ ಹೀಗೆ ಲಭಿಸಿದೆ.

ನೀರಿನ ವಿಷಯದಲ್ಲೂ ಎಚ್ಚರ ಬೇಕು. ಈ ಎಂಜಿನ್ನಿನ ಕೆಳಭಾಗ ಎರಕದ ಕಬ್ಬಿಣದ್ದು, ತಲೆ ಅಲ್ಯೂಮಿನಿಯಮ್ಮಿನದು. ಕಾದಾಗ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. ನೀರು ಬತ್ತಿದ್ದರೂ ಗಮನಿಸದೆ ಓಡಿಸಿದರೆ ತಲೆ ಸೊಟ್ಟಗಾಗಿ, ನಡುವಣ ಗ್ಯಾಸ್ಕೆಟ್ಟು ಸುಟ್ಟುಹೋಗುತ್ತದೆ. ಎರಡು ಲೋಹಗಳು ಒಂದೇ ನೀರಿನಲ್ಲಿದ್ದರೆ ರಾಸಾಯನಿಕವಾಗಿ ಹೆಚ್ಚು ಚುರುಕಾದುದು ಸವೆಯುತ್ತದೆಂಬುದೂ ರಸಾಯನಶಾಸ್ತ್ರದ ನಿಯಮ. ಆದ್ದರಿಂದ ಬರಿಯ ಬಾವಿನೀರಿಗೆ ಬದಲು ತುಕ್ಕು ತಡೆಯುವ ಕೂಲಂಟನ್ನು ಹಾಕುವುದು ಲೇಸು.

ಹಳೆಯ ಕಾರಿನ ನಿಜವಾದ ಮೃತ್ಯು ಎಂಜಿನ್ನಿನಲ್ಲಿಲ್ಲ, ತುಕ್ಕಿನಲ್ಲಿದೆ. ಎಂಜಿನ್ನನ್ನು ಮತ್ತೆ ಕೊರೆಸಬಹುದು, ಹೊಸ ಪಿಸ್ಟನ್ನು ಹಾಕಬಹುದು. ಆದರೆ ಪದ್ಮಿನಿಗೆ ಲಾರಿಗಿರುವಂತೆ ಬೇರೆ ಚಾಸಿಯಿಲ್ಲ. ತಗಡಿನ ಒಡಲೇ ಅದರ ಅಸ್ಥಿಪಂಜರ. ಬಾಗಿಲ ಕೆಳಗಿನ ಪಟ್ಟಿ ತುಕ್ಕು ತಿಂದಿತೆಂದರೆ ಕೆಟ್ಟದ್ದು ಅಂದ ಮಾತ್ರವಲ್ಲ, ಬೆನ್ನೆಲುಬು. ಮಲೆನಾಡಿನ ಮಳೆಯಲ್ಲಿ ನೆನೆದ ನೆಲಹಾಸನ್ನು ಒಣಗಿಸದೆ ಬಿಡುವುದೇ ಇದಕ್ಕೆ ಮುಖ್ಯ ಕಾರಣ. ಹಳೆಯ ಕಾರನ್ನು ಕೊಳ್ಳಹೋಗುವವರು ಒಂದು ಸಣ್ಣ ಅಯಸ್ಕಾಂತವನ್ನು ಜೇಬಿನಲ್ಲಿಟ್ಟುಕೊಂಡು ಹೋಗಲಿ. ತಗಡಿರುವೆಡೆ ಅದು ಅಂಟಿಕೊಳ್ಳುತ್ತದೆ. ತೂತನ್ನು ಪುಟ್ಟಿಯಿಂದ ಮುಚ್ಚಿ ಬಣ್ಣ ಬಳಿದಿರುವೆಡೆ ಜಾರಿ ಬೀಳುತ್ತದೆ. ಮಾರುವವನ ಮಾತಿಗಿಂತ ಅಯಸ್ಕಾಂತದ ಮಾತು ನಂಬತಕ್ಕದ್ದು.

ಇನ್ನು ಮಾರ್ಪಾಟಿನ ಪ್ರಶ್ನೆಗೆ ಬರೋಣ. ಇದರಲ್ಲಿ ಎರಡು ಪಂಥಗಳಿವೆ. ಕಾರ್ಖಾನೆಯಿಂದ ಬಂದ ದಿನ ಹೇಗಿತ್ತೋ ಹಾಗೆಯೇ ಇರಬೇಕು, ಒಂದು ತಿರುಪನ್ನೂ ಬದಲಾಯಿಸಬಾರದು ಎನ್ನುವವರು ಒಂದು ಪಕ್ಷ. ಒಡಲು ಹಳೆಯದಾಗಿದ್ದರೆ ಸಾಕು, ಒಳಗೆ ಎಲ್ಲವೂ ಹೊಸದಾಗಲಿ ಎನ್ನುವವರು ಇನ್ನೊಂದು ಪಕ್ಷ. ನನ್ನ ಚಿಕ್ಕಪ್ಪನ ಮಗ ಎರಡನೆಯ ಪಕ್ಷದವನು. “ಅಣ್ಣಾ, ಇದಕ್ಕೊಂದು ದೊಡ್ಡ ಎಂಜಿನ್ನು ಕೂರಿಸಿಬಿಡೋಣ, ಹೆದ್ದಾರಿಯಲ್ಲಿ ಯಾವ ಕಾರಿಗೂ ದಾರಿ ಬಿಡಬೇಕಾಗಿಲ್ಲ” ಎಂಬುದು ಅವನ ಹಂಬಲ.

ಅವನಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಬರೆಯುತ್ತೇನೆ. ಓಡುವ ವಸ್ತುವಿನ ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಗಂಟೆಗೆ ೬೦ ಕಿಲೋಮೀಟರಿನಿಂದ ೮೫ಕ್ಕೆ ಹೋದರೆ ಕಣ್ಣಿಗೆ ಹೆಚ್ಚಿದ್ದು ೨೫; ಆದರೆ ಬ್ರೇಕು ಅರಗಿಸಿಕೊಳ್ಳಬೇಕಾದ ಶಕ್ತಿ ಎರಡರಷ್ಟಾಗುತ್ತದೆ. ೧೨೦ಕ್ಕೇರಿದರೆ ನಾಲ್ಕರಷ್ಟು. ಪದ್ಮಿನಿಯ ನಾಲ್ಕು ಚಕ್ರಗಳಲ್ಲೂ ಇರುವುದು ಡ್ರಮ್ಮಿನ ಬ್ರೇಕು. ಇಳಿಜಾರಿನಲ್ಲಿ ಅದನ್ನು ಒತ್ತಿಯೇ ಹಿಡಿದರೆ ಡ್ರಮ್ಮು ಕಾದು ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ; ಲೈನಿಂಗಿನ ಹಿಡಿತವೂ ತಗ್ಗುತ್ತದೆ. ಅಲ್ಲದೆ ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರುವ ವಸ್ತು. ಡಾಟ್ ೩ ದರ್ಜೆಯ ಹೊಸ ಎಣ್ಣೆ ೨೦೫ ಡಿಗ್ರಿಯವರೆಗೂ ಕುದಿಯಬಾರದೆಂಬುದು ನಿಯಮ; ತೇವ ಹೀರಿದ ಎಣ್ಣೆಗೆ ಆ ಮಿತಿ ೧೪೦ ಡಿಗ್ರಿ ಮಾತ್ರ. ಎಣ್ಣೆ ಕುದಿದು ಆವಿಯಾದರೆ, ಆವಿಯನ್ನು ಅಮುಕಬಹುದಾದುದರಿಂದ ಕಾಲಿನ ಒತ್ತು ಚಕ್ರಕ್ಕೆ ಮುಟ್ಟದೆ ಪೆಡಲು ತಳಕ್ಕೆ ಕುಸಿಯುತ್ತದೆ. ಘಾಟಿಯ ತಿರುವಿನಲ್ಲಿ ಹಾಗಾಗುವುದು ಯಾರಿಗೂ ಬೇಡ. ಆದುದರಿಂದ ಎರಡು ವರ್ಷಕ್ಕೊಮ್ಮೆ ಆ ಎಣ್ಣೆಯನ್ನು ಪೂರ್ತಿ ಬದಲಾಯಿಸಬೇಕು. ಘಾಟಿಯನ್ನು ಯಾವ ಗೇರಿನಲ್ಲಿ ಹತ್ತುತ್ತೇವೋ ಅದೇ ಗೇರಿನಲ್ಲಿ ಇಳಿಯಬೇಕು. ನಿಲ್ಲಿಸುವ ಬಲವನ್ನು ಹೆಚ್ಚಿಸದೆ ಓಡುವ ಬಲವನ್ನು ಹೆಚ್ಚಿಸುವುದು ಮಾರ್ಪಾಟಲ್ಲ, ಅವಿವೇಕ.

ಕಾನೂನಿನ ಮಾತೂ ಇದೆ. ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಪ್ರಕರಣದಂತೆ, ನೋಂದಣಿ ಪತ್ರದ ವಿವರಗಳು ತಯಾರಕರು ಮೊದಲು ಗೊತ್ತುಪಡಿಸಿದುದಕ್ಕಿಂತ ಬೇರೆಯಾಗುವ ಹಾಗೆ ವಾಹನವನ್ನು ಬದಲಾಯಿಸಕೂಡದು. ಸರ್ವೋಚ್ಚ ನ್ಯಾಯಾಲಯ ೨೦೧೯ರ ಜನವರಿಯಲ್ಲಿ ಇದನ್ನು ಮತ್ತೆ ಸ್ಪಷ್ಟಪಡಿಸಿತು. ಎಂಜಿನ್ನನ್ನು ಬದಲಾಯಿಸುವುದಿದ್ದರೆ ಸಾರಿಗೆ ಕಚೇರಿಯ ಅನುಮತಿಯಿಲ್ಲದೆ ಕೈಹಾಕಬಾರದು. ಬಣ್ಣ ಬದಲಾದರೂ ಪತ್ರದಲ್ಲಿ ನಮೂದಾಗಬೇಕು. ಹದಿನೈದು ವರ್ಷ ತುಂಬಿದ ಖಾಸಗಿ ಕಾರು ತಪಾಸಣೆಗೆ ನಿಂತು, ಐದೈದು ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸಿಕೊಳ್ಳಬೇಕು. ಐವತ್ತು ವರ್ಷ ಮೀರಿದ, ಮೂಲರೂಪ ಕೆಡದ ಗಾಡಿಗಳಿಗೆ ‘ವಿಂಟೇಜ್’ ಎಂಬ ಪ್ರತ್ಯೇಕ ನೋಂದಣಿಯನ್ನು ಕೇಂದ್ರ ಸರ್ಕಾರ ೨೦೨೧ರಲ್ಲಿ ಏರ್ಪಡಿಸಿತು. ಅವನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಇಂದು ಒಡಲನ್ನು ಕತ್ತರಿಸಿದವನು ನಾಳೆಯ ಆ ಗೌರವವನ್ನೂ ಕತ್ತರಿಸಿಕೊಂಡಂತೆಯೇ.

ಹಾಗಾದರೆ ಏನನ್ನೂ ಬದಲಾಯಿಸಬಾರದೆ? ಹಾಗಲ್ಲ. ಹಳೆಗನ್ನಡ ಕಾವ್ಯವನ್ನು ಸಂಪಾದಿಸುವ ವಿದ್ವಾಂಸರು ಓಲೆಯ ಪಾಠವನ್ನು ತಿದ್ದುವುದುಂಟು. ಆದರೆ ಮೂಲದಲ್ಲಿ ಏನಿತ್ತೆಂಬುದನ್ನು ಅಡಿಟಿಪ್ಪಣಿಯಲ್ಲಿ ಕಾಣಿಸಿಯೇ ತಿದ್ದುತ್ತಾರೆ. ನಲವತ್ತು ವರ್ಷದ ಕಾರೂ ಅಂಥದೊಂದು ಓಲೆಯ ಪ್ರತಿಯೇ. ಎಷ್ಟೋ ಕೈಗಳು ಅದನ್ನು ತಿದ್ದಿವೆ. ಕೆಲವು ತಿದ್ದುಗಳು ಜಾಣತನದವು, ಕೆಲವು ಅವಸರದವು. ನಮ್ಮ ಕಾರಿನಲ್ಲಿ ಯಾವನೋ ಪುಣ್ಯಾತ್ಮ ಫ್ಯೂಜಿಗೆ ಬದಲು ಸಿಗರೇಟಿನ ಬೆಳ್ಳಿ ಕಾಗದವನ್ನು ಸುತ್ತಿಟ್ಟಿದ್ದನು. ಹೊಸ ಮಾರ್ಪಾಟು ಮಾಡುವಾಗ ನಾನು ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದರಿಂದ ಕಾರು ಹೆಚ್ಚು ಸುರಕ್ಷಿತವಾಗುವುದೆ? ಬೇಡವೆಂದಾಗ ಮೊದಲಿನಂತೆ ಮಾಡಬಹುದೆ? ಕಾನೂನು ಒಪ್ಪುವುದೆ? ಮೂರಕ್ಕೂ ಹೌದೆಂಬ ಉತ್ತರ ಬಂದರೆ ಮಾತ್ರ ಪಾನಾ ಕೈಗೆತ್ತಿಕೊಳ್ಳುವುದು.

ಈ ಒರೆಗಲ್ಲಿಗೆ ನಿಂತ ಕೆಲವನ್ನು ಹೇಳುತ್ತೇನೆ. ಮುಂದಿನ ಆಸನಗಳಿಗೆ ಸೀಟು ಬೆಲ್ಟು. ಬೋಲ್ಟು ಬರಿಯ ತಗಡಿಗಲ್ಲ, ಹಿಂದೆ ದಪ್ಪ ಉಕ್ಕಿನ ಫಲಕ ಕೊಟ್ಟು ಬಿಗಿಯಬೇಕು. ದೀಪಗಳಿಗೆ ರಿಲೇ: ಹಳೆಯ ತಂತಿ ಮತ್ತು ಗುಂಡಿಯ ಮೂಲಕ ಸುತ್ತಿ ಬರುವಷ್ಟರಲ್ಲಿ ವೋಲ್ಟೇಜು ಕುಗ್ಗಿ ದೀಪ ಮಂಕಾಗುತ್ತದೆ, ರಿಲೇ ಹಾಕಿ ಬ್ಯಾಟರಿಯಿಂದ ನೇರವಾಗಿ ಕೊಟ್ಟರೆ ಅದೇ ಬಲ್ಬು ಬೆಳಗುತ್ತದೆ. ಡೈನಮೊ ಇರುವ ಕಾರಿಗೆ ಆಲ್ಟರ್ನೇಟರು: ಎಂಜಿನ್ನು ನಿಧಾನವಾಗಿ ತಿರುಗುವಾಗಲೂ ಬ್ಯಾಟರಿ ತುಂಬುತ್ತದೆ. ಬಿಚ್ಚಿದ ಹಳೆಯ ಭಾಗಗಳನ್ನು ಎಣ್ಣೆ ಸವರಿ, ಕಾಗದ ಸುತ್ತಿ, ಹೆಸರು ಬರೆದು ಪೆಟ್ಟಿಗೆಯಲ್ಲಿಡಬೇಕು. ಗುಜರಿಗೆ ಹಾಕಕೂಡದು. ಬಿಡಿಭಾಗ ಬೇಕಾದಾಗ ನಾನು ಬೆಂಗಳೂರಿನ ಜೆ. ಸಿ. ರಸ್ತೆಯ ಅಂಗಡಿಗಳನ್ನೂ ಶಿವಾಜಿನಗರದ ಗುಜರಿ ಸಾಲನ್ನೂ ಸುತ್ತುವುದುಂಟು. ಹೋಗುವಾಗ ಸವೆದ ಭಾಗ ಕೈಯಲ್ಲಿರಬೇಕು. ಬಾಯಿ ವರ್ಣನೆಯಿಂದ ಸರಿಯಾದ ಸಾಮಾನು ಸಿಗುವುದಿಲ್ಲ.

ಕೆಲಸಕ್ಕೆ ಇಳಿಯುವವರಿಗೆ ಮೂರು ಎಚ್ಚರಿಕೆಗಳು. ಬರಿಯ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಎಂದೂ ನುಗ್ಗಬೇಡಿ. ಸುಮಾರು ಒಂಬೈನೂರು ಕಿಲೋ ತೂಕದ ವಸ್ತು ಅದು. ಗಟ್ಟಿಯಾದ ಸ್ಟ್ಯಾಂಡುಗಳನ್ನು ಕೊಟ್ಟು, ಚಕ್ರಗಳಿಗೆ ಅಡ್ಡಗಟ್ಟೆಯಿಟ್ಟ ಮೇಲೆಯೇ ತಲೆ ಒಳಗೆ ಹೋಗಲಿ. ಪೆಟ್ರೋಲಿನ ಅಥವಾ ತಂತಿಯ ಕೆಲಸಕ್ಕೆ ಮುಂಚೆ ಬ್ಯಾಟರಿಯ ಋಣ ತುದಿಯನ್ನು ಬಿಚ್ಚಿಡಿ. ಹಳೆಯ ಬ್ರೇಕಿನ ಧೂಳನ್ನು ಬಾಯಿಂದಾಗಲಿ ಪಂಪಿನಿಂದಾಗಲಿ ಊದಬೇಡಿ. ಹಿಂದಿನ ಲೈನಿಂಗುಗಳಲ್ಲಿ ಕಲ್ನಾರು ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು.

ಕೊನೆಯದಾಗಿ ಒಂದು ಮಾತು. ನಮ್ಮ ಮೇಸ್ತ್ರಿಗಳಿಗೆ ಎಪ್ಪತ್ತು ದಾಟಿದೆ. ಮರದ ಹಿಡಿಯ ಉದ್ದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿಕೊಂಡು, ಸದ್ದು ಮಾಡುತ್ತಿರುವುದು ವಾಲ್ವೋ ಬೇರಿಂಗೋ ಎಂಬುದನ್ನು ಅವರು ಹೇಳಬಲ್ಲರು. ವಾಲ್ವಿನ ಸದ್ದು ಎಂಜಿನ್ನಿನ ಎರಡು ಸುತ್ತಿಗೊಮ್ಮೆ ಬರುತ್ತದೆ, ಬೇರಿಂಗಿನದು ಸುತ್ತು ಸುತ್ತಿಗೂ ಬರುತ್ತದೆ ಎಂದು ನನಗೆ ತಿಳಿಸಿದವರು ಅವರು. ಅವರ ಮಕ್ಕಳು ಬೇರೆ ಬೇರೆ ಉದ್ಯೋಗ ಹಿಡಿದಿದ್ದಾರೆ, ಗ್ಯಾರೇಜನ್ನು ಮುಂದುವರಿಸುವವರಿಲ್ಲ. ಇಂಥ ಮೇಸ್ತ್ರಿಗಳು ನಮ್ಮ ನಾಡಿನ ಪ್ರತಿ ತಾಲ್ಲೂಕಿನಲ್ಲೂ ಇದ್ದಾರು. ಅವರ ಅರಿವು ಯಾವ ಕೈಪಿಡಿಯಲ್ಲೂ ಅಚ್ಚಾಗಿಲ್ಲ.

ಆದುದರಿಂದ ಈ ಹವ್ಯಾಸಕ್ಕೆ ಕೈಹಾಕುವ ಮಿತ್ರರು ಸ್ಪ್ಯಾನರಿನ ಜತೆಗೆ ಒಂದು ದಪ್ಪ ನೋಟು ಪುಸ್ತಕವನ್ನೂ ಇಟ್ಟುಕೊಳ್ಳಲಿ. ಯಾವ ದಿನ ಯಾವ ಭಾಗವನ್ನು ಬಿಚ್ಚಿದೆವು, ಏನು ಕಂಡಿತು, ಕಾರಣವೇನು, ಏನನ್ನು ಬದಲಾಯಿಸಿದೆವು, ಮೇಸ್ತ್ರಿಗಳು ಏನು ಹೇಳಿದರು ಎಂಬುದನ್ನು ಬರೆದಿಡಲಿ. ನನ್ನ ಪುಸ್ತಕ ಈಗ ನೂರಾ ನಲವತ್ತನೆಯ ಪುಟದಲ್ಲಿದೆ. ಈ ಕಾರನ್ನು ಮುಂದೆ ಯಾರೇ ಇಟ್ಟುಕೊಂಡರೂ, ಬೀಗದಕೈಯೊಂದಿಗೆ ಆ ಪುಸ್ತಕವೂ ಅವರಿಗೆ ಸೇರತಕ್ಕದ್ದೆಂದು ಮೊದಲ ಪುಟದಲ್ಲೇ ಬರೆದಿಟ್ಟಿದ್ದೇನೆ.